ಪ್ರೆಸೆಂಟ್ ಪರ್ಫೆಕ್ಟ್: ಮುಗಿದ ಕೆಲಸಕ್ಕೆ ‘ಪ್ರೆಸೆಂಟ್’ ಅನ್ನೋ ಹೆಸರು ಯಾಕೆ?

ಒಳಗಿನಿಂದ ಅಮ್ಮ ‘ಅಡುಗೆ ಆಗಿದೆ’ ಅಂತ ಕೂಗಿದರೆ ನಾವು ಏನು ಮಾಡುತ್ತೇವೆ? ಕೈ ತೊಳೆದು ತಟ್ಟೆ ಮುಂದೆ ಕೂರುತ್ತೇವೆ. ಅಡುಗೆ ಕೆಲಸವೇನೋ ಮುಗಿದದ್ದು. ಆದರೆ ಅಮ್ಮ ಹೇಳುತ್ತಿರುವುದು ಈಗಿನ ಮಾತು: ಅನ್ನ ಬಿಸಿ ಇದೆ, ಬನ್ನಿ. ಆ ಕೊನೆಯ ‘ಇದೆ’ಯಲ್ಲೇ ಗುಟ್ಟು ಇರುವುದು, ಅಲ್ವಾ?

ಇಂಗ್ಲಿಷಿನಲ್ಲಿ ‘ಹ್ಯಾವ್’ ಅಥವಾ ‘ಹ್ಯಾಸ್’ ಸೇರಿಸಿ ಹೇಳುವ ಕ್ರಿಯಾರೂಪ, ಅಂದರೆ ಪ್ರೆಸೆಂಟ್ ಪರ್ಫೆಕ್ಟ್ ಕೂಡ ಇಂಥದ್ದೇ. ಇಲ್ಲಿ ‘ಪರ್ಫೆಕ್ಟ್’ ಅಂದರೆ ತಪ್ಪಿಲ್ಲದ್ದು ಅಂತಲ್ಲ, ಮುಗಿದದ್ದು ಅಂತ. ಲ್ಯಾಟಿನ್ನಿನಿಂದ ಬಂದ ಹಳೆಯ ಅರ್ಥ ಅದು. ಕೆಲಸ ಮುಗಿದಿದೆ, ಅದರ ಫಲ ಈಗ ಕಣ್ಣೆದುರಿಗಿದೆ. ಬಂದೆ ಅಂದರೆ ‘ಐ ಕೇಮ್’, ಬಂದಿದ್ದೇನೆ ಅಂದರೆ ‘ಐ ಹ್ಯಾವ್ ಕಮ್’.

ಇಷ್ಟು ಚೆನ್ನಾಗಿ ಹೊಂದುವುದರಿಂದಲೇ ನಾವು ಎಡವುತ್ತೇವೆ. ಕನ್ನಡದಲ್ಲಿ ‘ನಿನ್ನೆಯೇ ಫೈಲ್ ಕಳಿಸಿದ್ದೇನೆ’ ಅನ್ನಬಹುದು. ಅದನ್ನೇ ‘ಐ ಹ್ಯಾವ್ ಸೆಂಟ್ ದ ಫೈಲ್ ಯೆಸ್ಟರ್ಡೇ’ ಅಂತ ನಾನೂ ಎಷ್ಟೋ ಮೇಲ್‌ಗಳಲ್ಲಿ ಬರೆದಿದ್ದೇನೆ. ಇಂಗ್ಲಿಷ್ ಇದನ್ನು ಒಪ್ಪುವುದಿಲ್ಲ. ಯೆಸ್ಟರ್ಡೇ, ಲಾಸ್ಟ್ ವೀಕ್, ಇನ್ 2019 ಅಂತ ಕಳೆದುಹೋದ ಹೊತ್ತನ್ನು ಹೆಸರಿಸಿದ ಕೂಡಲೇ ‘ಹ್ಯಾವ್’ ಬಿಡಬೇಕು: ‘ಐ ಸೆಂಟ್ ದ ಫೈಲ್ ಯೆಸ್ಟರ್ಡೇ’. ಯಾವಾಗ ಅಂತ ಹೇಳದಿದ್ದರೆ ‘ಐ ಹ್ಯಾವ್ ಸೆಂಟ್ ದ ಫೈಲ್’ ಸರಿ. ಕಳಿಸಾಗಿದೆ, ಇನ್‌ಬಾಕ್ಸ್ ನೋಡಿ ಅಂತ ಅದರ ಅರ್ಥ. ‘ದಿಸ್ ಮಾರ್ನಿಂಗ್’ ಅನ್ನುವುದಂತೂ ಗಡಿಯಾರ ನೋಡಿ ಹೇಳಬೇಕಾದ ಮಾತು. ಬೆಳಗ್ಗೆ ಹತ್ತಕ್ಕೆ ಅದರ ಜೊತೆ ‘ಹ್ಯಾವ್’ ನಡೆಯುತ್ತದೆ, ಸಂಜೆ ಐದಕ್ಕೆ ನಡೆಯುವುದಿಲ್ಲ.

‘ನಿನ್ನೆ ಬ್ಯಾಂಕಿಗೆ ಹೋಗಿದ್ದೆ’ ಅನ್ನುವುದನ್ನು ನಾವು ‘ಐ ಹ್ಯಾಡ್ ಗಾನ್’ ಮಾಡುತ್ತೇವೆ. ‘ಐ ವೆಂಟ್’ ಸಾಕು. ‘ಹ್ಯಾಡ್’ ಬೇಕಾಗುವುದು ಹಿಂದೆ ನಡೆದ ಒಂದು ಸಂಗತಿಗಿಂತಲೂ ಮೊದಲೇ ಇನ್ನೊಂದು ನಡೆದಿತ್ತು ಅಂತ ಹೇಳುವಾಗ.

ಇದು ಸುಮ್ನೆ ವ್ಯಾಕರಣದ ಕಿರಿಕಿರಿ ಅಲ್ಲ. ಇಂಟರ್‌ವ್ಯೂನಲ್ಲಿ ‘ಐ ಹ್ಯಾವ್ ವರ್ಕ್ಡ್ ದೇರ್ ಫಾರ್ ತ್ರೀ ಇಯರ್ಸ್’ ಅಂದರೆ, ನೀವು ಇನ್ನೂ ಅದೇ ಕೆಲಸದಲ್ಲಿದ್ದೀರಿ ಅಂತ ಎದುರಿನವರು ತಿಳಿಯುತ್ತಾರೆ. ‘ಐ ವರ್ಕ್ಡ್’ ಅಂದರೆ ಬಿಟ್ಟಾಯ್ತು. ‘2019ರಿಂದ ಇಲ್ಲೇ ಇದ್ದೇನೆ’ ಅನ್ನುವುದಕ್ಕೆ ‘ಐ ಆಮ್ ಹಿಯರ್ ಸಿನ್ಸ್ 2019’ ಅನ್ನಬೇಡಿ. ‘ಐ ಹ್ಯಾವ್ ಬೀನ್ ಹಿಯರ್ ಸಿನ್ಸ್ 2019’ ಅನ್ನಿ.

ಒಂದು ಕಡೆ ಮಾತ್ರ ಸ್ವಲ್ಪ ಸಡಿಲ ಇದೆ. ‘ಊಟ ಆಯ್ತಾ?’ ಅಂತ ಕೇಳಲು ಬ್ರಿಟನ್ನಿನವರು ಜಾಸ್ತಿ ‘ಹ್ಯಾವ್ ಯು ಈಟನ್ ಯೆಟ್?’ ಅನ್ನುತ್ತಾರೆ. ಅಮೆರಿಕದಲ್ಲಿ ‘ಡಿಡ್ ಯು ಈಟ್ ಯೆಟ್?’ ಕೂಡ ಸಲೀಸಾಗಿ ನಡೆಯುತ್ತದೆ. ನಮ್ಮ ‘ಆಯ್ತಾ’ಗೆ ಹತ್ತಿರ ಅದೇ.