ತಡೆ ಬಿದ್ದಲ್ಲಿ ತಲೆ

ತಲೆಯ ಜೀನ್ ಯಾವುದು? ಲ್ಯಾಬಿಗೆ ಬರುವ ಹೊಸ ವಿದ್ಯಾರ್ಥಿಗಳ ಮೊದಲ ಪ್ರಶ್ನೆ ಹೆಚ್ಚಾಗಿ ಇದೇ. ಕಣ್ಣಿಗೊಂದು, ಮೆದುಳಿಗೊಂದು, ಬಾಲಕ್ಕೊಂದು ಜೀನ್ ಇರಬೇಕು ಅಂತ ಅಂದುಕೊಂಡವರು ಹಾಗೆ ಕೇಳುವುದು ಸಹಜ, ಅಲ್ವಾ? ಆದರೆ ಕಪ್ಪೆಯ ಭ್ರೂಣ ಆ ಲೆಕ್ಕಕ್ಕೆ ಸಿಗುವುದಿಲ್ಲ. ಅಲ್ಲಿ ತಲೆಗೆ ಮೊದಲು ಬೇಕಾದದ್ದು ಅಡ್ಡಿ. ಕೆಲವು ಸಂದೇಶಗಳು ಮುಂಭಾಗದ ಜೀವಕೋಶಗಳನ್ನು ಮುಟ್ಟದಂತೆ ತಡೆದರೆ ಮಾತ್ರ ಅಲ್ಲಿ ತಲೆ ಬರುತ್ತದೆ.

ನಾವು ಬಳಸುವುದು ಝೆನೋಪಸ್ ಎಂಬ ಆಫ್ರಿಕದ ಕಪ್ಪೆಯನ್ನು. ಅದರ ಮೊಟ್ಟೆ ಒಂದು ಮಿಲಿಮೀಟರ್‌ಗಿಂತ ಸ್ವಲ್ಪ ದೊಡ್ಡದು. ಬರಿಗಣ್ಣಿಗೆ ಕಾಣುತ್ತದೆ, ಸಣ್ಣ ಗಾಜಿನ ಸೂಜಿಯಿಂದ ಚುಚ್ಚಬಹುದು. ಭ್ರೂಣ ನೀರಿನಲ್ಲೇ ಬೆಳೆಯುವುದರಿಂದ ಎಲ್ಲವೂ ಕಣ್ಣೆದುರೇ ನಡೆಯುತ್ತದೆ. ಚುಚ್ಚಿದ ಮೊಟ್ಟೆಗೆ ತಲೆ ಬಂತೋ ಇಲ್ಲವೋ ಎಂಬುದು ಎರಡು ಮೂರು ದಿನದಲ್ಲಿ ಗೊತ್ತಾಗುತ್ತದೆ.

ಈ ವಿಷಯಕ್ಕೆ ಬುನಾದಿ ಬಿದ್ದದ್ದು ಜರ್ಮನಿಯಲ್ಲಿ. ಹಾನ್ಸ್ ಶ್ಪೇಮನ್ ಅವರ ವಿದ್ಯಾರ್ಥಿನಿ ಹಿಲ್ಡೆ ಮಾಂಗೋಲ್ಡ್, ಕಪ್ಪೆಯ ದೂರದ ಬಂಧು ನ್ಯೂಟ್‌ನ ಭ್ರೂಣದಿಂದ ಬೆನ್ನಿನ ಕಡೆಯ ಒಂದು ಚೂರು ತೆಗೆದು ಇನ್ನೊಂದು ಭ್ರೂಣದ ಹೊಟ್ಟೆಯ ಕಡೆ ಕೂರಿಸಿದರು. ಅಲ್ಲಿ ಎರಡನೇ ದೇಹವೇ ಎದ್ದಿತು. ಎರಡು ಭ್ರೂಣಗಳ ಬಣ್ಣ ಬೇರೆ ಬೇರೆ ಇತ್ತು. ಹಾಗಾಗಿ ಹೊಸ ದೇಹದ ಬಹುಪಾಲು, ಅದರ ನರಮಂಡಲ ಕೂಡ, ಚೂರಿನಿಂದ ಬಂದದ್ದಲ್ಲ, ಅಕ್ಕಪಕ್ಕದ ಕೋಶಗಳೇ ಹಾಗೆ ಬದಲಾದವು ಅಂತ ತಿಳಿಯಿತು. ಪ್ರಬಂಧ ಪ್ರಕಟವಾದದ್ದು 1924ರಲ್ಲಿ. ಅದೇ ವರ್ಷ ಹಿಲ್ಡೆ ಬೆಂಕಿ ಅಪಘಾತದಲ್ಲಿ ತೀರಿಕೊಂಡರು, ಇಪ್ಪತ್ತೈದರ ವಯಸ್ಸಿನಲ್ಲಿ. 1935ರಲ್ಲಿ ನೊಬೆಲ್ ಬಂದದ್ದು ಶ್ಪೇಮನ್ ಒಬ್ಬರಿಗೇ.

ಆ ಚೂರು ಅಕ್ಕಪಕ್ಕದ ಕೋಶಗಳಿಗೆ ಏನು ಹೇಳುತ್ತಿತ್ತು? ಉತ್ತರಕ್ಕೆ 1990ರ ದಶಕದವರೆಗೆ ಕಾಯಬೇಕಾಯಿತು. 1992ರಲ್ಲಿ ನಾಗಿನ್, 1994ರಲ್ಲಿ ಕಾರ್ಡಿನ್ ಎಂಬ ಪ್ರೋಟೀನ್‌ಗಳು ಸಿಕ್ಕವು. ಇವು ಕೋಶಗಳಿಗೆ ಯಾವ ಆದೇಶವನ್ನೂ ಕೊಡುವುದಿಲ್ಲ. ಕೋಶದ ಹೊರಗೆ ಓಡಾಡುವ ಬಿಎಂಪಿ ಎಂಬ ಇನ್ನೊಂದು ಪ್ರೋಟೀನನ್ನು ಹಿಡಿದು ಕೂರುತ್ತವೆ, ಅಷ್ಟೇ. ಬಿಎಂಪಿ ಸಿಕ್ಕಿದ ಕೋಶ ಚರ್ಮವಾಗುತ್ತದೆ. ಸಿಗದ ಕೋಶ ನರದ ದಾರಿ ಹಿಡಿಯುತ್ತದೆ. ಭ್ರೂಣದ ಮೇಲ್ಭಾಗದ ಕೋಶಗಳನ್ನು ಬಿಡಿಬಿಡಿಯಾಗಿಸಿ ಕೆಲವು ಗಂಟೆ ಸುಮ್ನೆ ದ್ರಾವಣದಲ್ಲಿ ಬಿಟ್ಟರೂ ಅವು ನರಕೋಶಗಳ ಲಕ್ಷಣ ತೋರಿಸುತ್ತವೆ. ಬಿಎಂಪಿ ತೊಳೆದು ಹೋಗಿರುತ್ತದಲ್ಲ. ಎಫ್‌ಜಿಎಫ್ ಎಂಬ ಸಂದೇಶಕ್ಕೂ ಇದರಲ್ಲಿ ಪಾಲಿದೆ. ಎಷ್ಟು ಪಾಲು ಎಂಬ ಬಗ್ಗೆ ನಮ್ಮವರು ಬಹಳ ಜಗಳವಾಡಿದ್ದಾರೆ.

ಬಿಎಂಪಿ ಒಂದನ್ನೇ ತಡೆದರೆ ತಲೆ ಬಂದುಬಿಡುತ್ತದೆಯೇ? ಇಲ್ಲ. ಹೊಟ್ಟೆಯ ಕಡೆ ಹಾಗೆ ಮಾಡಿದರೆ ಎರಡನೇ ಬೆನ್ನು ಬರುತ್ತದೆ, ಸಾಮಾನ್ಯವಾಗಿ ತಲೆ ಇರುವುದಿಲ್ಲ. ಜೊತೆಗೆ ವಿಂಟ್ ಎಂಬ ಸಂದೇಶವನ್ನೂ ತಡೆದರೆ ತಲೆ ಪೂರ್ತಿ ಮೂಡುತ್ತದೆ. 1996ರಲ್ಲಿ ಸಿಕ್ಕ ಸರ್ಬೆರಸ್ ಎಂಬ ಪ್ರೋಟೀನ್ ಬಿಎಂಪಿ, ವಿಂಟ್, ನೋಡಲ್ ಎಂಬ ಇನ್ನೊಂದು ಸಂದೇಶ, ಈ ಮೂರನ್ನೂ ತಡೆಯುತ್ತದೆ. ಅದರ ಆರ್‌ಎನ್‌ಎ, ಅಂದರೆ ಕೋಶ ಆ ಪ್ರೋಟೀನ್ ಮಾಡಲು ಓದುವ ಪ್ರತಿ, ಚುಚ್ಚಿದ ಕಡೆ ಮುಂಡವಿಲ್ಲದ ಒಂದು ಹೆಚ್ಚುವರಿ ತಲೆ ಹುಟ್ಟುತ್ತದೆ. 1998ರಲ್ಲಿ ಸಿಕ್ಕ ಡಿಕ್‌ಕಾಫ್ ತಡೆಯುವುದು ವಿಂಟ್ ಒಂದನ್ನೇ.

ಎರಡು ತಲೆಯ ಗೊದಮೊಟ್ಟೆಯ ಫೋಟೊ ನೋಡಿ ಜನ ಬೆರಗಾಗುತ್ತಾರೆ. ನನಗೆ ಅದರಲ್ಲಿ ಅಷ್ಟು ನಂಬಿಕೆಯಿಲ್ಲ. ಪ್ರೋಟೀನ್ ಜಾಸ್ತಿ ತುಂಬಿದಾಗ ಏನಾಗುತ್ತದೆ ಎಂಬುದು ಅದರ ಶಕ್ತಿಯನ್ನು ತೋರಿಸುತ್ತದೆ, ನಿತ್ಯದ ಕೆಲಸವನ್ನಲ್ಲ. ಅದಕ್ಕೆ ಜೀನನ್ನು ತೆಗೆದು ನೋಡಬೇಕು. ಡಿಕ್‌ಕಾಫ್ ಇಲ್ಲದ ಇಲಿಮರಿಗೆ ತಲೆಯ ಮುಂಭಾಗವೇ ಬರುವುದಿಲ್ಲ. ಸರ್ಬೆರಸ್‌ಗೆ ಸಮನಾದ ಜೀನ್ ತೆಗೆದ ಇಲಿಯ ತಲೆ ಮಾತ್ರ ಚೆನ್ನಾಗಿಯೇ ಇರುತ್ತದೆ. ಫೋಟೊ ಇಂಥದ್ದನ್ನು ಹೇಳುವುದಿಲ್ಲ.

ನನಗೆ ಇವತ್ತಿಗೂ ಕುತೂಹಲ ಇರುವುದು ಸಮಯದ ಆಟದಲ್ಲಿ. ಫಲೀಕರಣವಾದ ಕೂಡಲೇ ಮೊಟ್ಟೆಯ ಹೊರಪದರ ಒಂದಿಷ್ಟು ತಿರುಗುತ್ತದೆ. ಆಗ ಒಂದು ಬದಿಯಲ್ಲಿ ವಿಂಟ್‌ನ ಒಳದಾರಿ, ಅಂದರೆ ಆ ಸಂದೇಶ ಕೋಶದೊಳಗೆ ಸಾಗುವ ದಾರಿ, ಚುರುಕಾಗಿ, ಬೀಟಾ ಕೆಟೆನಿನ್ ಎಂಬ ಪ್ರೋಟೀನ್ ಸೇರಿಕೊಳ್ಳುತ್ತದೆ. ಬೆನ್ನು, ತಲೆ ಬರುವುದು ಆ ಬದಿಯಲ್ಲೇ. ಮೊಟ್ಟೆಯ ಕೆಳಭಾಗಕ್ಕೆ ಅತಿನೇರಳೆ ಬೆಳಕು ಹಾಯಿಸಿ ಈ ತಿರುಗುವಿಕೆ ನಿಲ್ಲಿಸಿದರೆ ಸಿಗುವುದು ತಲೆಯೂ ಇಲ್ಲದ, ಬೆನ್ನೂ ಇಲ್ಲದ ಹೊಟ್ಟೆಯ ಮುದ್ದೆ. ಅಂದರೆ ತಲೆಗೆ ಇದೇ ದಾರಿ ಬೇಕು. ಕೆಲವೇ ಗಂಟೆ ಕಳೆದ ಮೇಲೆ ಇದೇ ದಾರಿ ತಲೆಗೆ ಶತ್ರು. ಲಿಥಿಯಂ ಉಪ್ಪು ಇದನ್ನು ತೋರಿಸಲು ತುಂಬ ಅನುಕೂಲ. ಅದು ವಿಂಟ್‌ನ ಒಳದಾರಿಯನ್ನು ಚುರುಕು ಮಾಡುತ್ತದೆ. 32 ಕೋಶಗಳ ಹಂತದಲ್ಲಿ ಹಾಕಿದರೆ ಭ್ರೂಣ ಸುತ್ತಲೂ ತಲೆಯ ಭಾಗಗಳೇ ತುಂಬಿಕೊಂಡು ಬೆಳೆಯುತ್ತದೆ. ಸುಮಾರು 12 ಸಲ ವಿಭಜನೆಯಾಗಿ ಭ್ರೂಣದ ಸ್ವಂತ ಜೀನ್‌ಗಳು ಎದ್ದ ಮೇಲೆ ಹಾಕಿದರೆ ತಲೆ ಕುಗ್ಗುತ್ತದೆ. ಉಪ್ಪು ಅದೇ, ಅದನ್ನು ಓದುವ ಕೋಶ ಬದಲಾಗಿರುತ್ತದೆ.

ಮೆದುಳಿನ ಭಾಗಗಳು ಬೇರೆಯಾಗುವುದೂ ವಿಂಟ್‌ನ ಏರಿಳಿತದಿಂದಲೇ. ಬಾಲದ ಕಡೆ ಅದು ಜಾಸ್ತಿ, ಮುಂದೆ ಹೋದಂತೆ ಕಡಿಮೆ. ಕಡಿಮೆ ಇರುವಲ್ಲಿ ಓಟಿಎಕ್ಸ್2 ಜೀನ್ ಕೆಲಸಕ್ಕಿಳಿದು ಮುಂಮೆದುಳು, ನಡುಮೆದುಳನ್ನು ಗುರುತಿಸುತ್ತದೆ. ಹಿಂದೆ ಜಿಬಿಎಕ್ಸ್2 ಇರುತ್ತದೆ. ಎರಡೂ ಒಂದನ್ನೊಂದು ಅದುಮುತ್ತವೆ. ಅವು ಎದುರಾಗುವ ಗೆರೆಯೇ ನಡುಮೆದುಳು ಮತ್ತು ಹಿಂಮೆದುಳಿನ ಗಡಿ.

ಕಣ್ಣಿನದು ಇನ್ನೂ ವಿಚಿತ್ರ. ಮೊದಲು ಇರುವುದು ಒಂದೇ ಕಣ್ಣಿನ ಜಾಗ, ಮುಂಭಾಗದ ನಡುವೆ. ಕೆಳಗಿನ ಪದರದಿಂದ ಬರುವ ಸಂದೇಶಗಳು, ಮುಖ್ಯವಾಗಿ ಸೋನಿಕ್ ಹೆಜ್‌ಹಾಗ್, ಅದನ್ನು ಎರಡಾಗಿ ಒಡೆಯುತ್ತವೆ. ಅವು ತಲುಪದಿದ್ದರೆ ಒಂಟಿ ಕಣ್ಣೇ ಉಳಿಯುತ್ತದೆ. ಮನುಷ್ಯರಲ್ಲೂ ಈ ಜೀನ್ ಕೆಟ್ಟಾಗ ಮುಂಮೆದುಳು ಎರಡು ಭಾಗವಾಗದೆ ಉಳಿಯಬಹುದು. ಸಿಕ್ಸ್3, ಜಿಕ್2 ಜೀನ್‌ಗಳಲ್ಲಿ ದೋಷ ಬಂದಾಗಲೂ ಹಾಗಾಗುವುದುಂಟು.

ಆದ್ದರಿಂದಲೇ ರೋಗಿಯ ಜೀನ್‌ನಲ್ಲಿ ಕಂಡ ಬದಲಾವಣೆ ನಿಜಕ್ಕೂ ಹಾನಿಕರವೇ ಅಂತ ತಿಳಿಯಲು ಕಪ್ಪೆಯ ಭ್ರೂಣ ಸಹಾಯಕ್ಕೆ ಬರುತ್ತದೆ. ಒಂದು ತೊಡಕಿದೆ. ನಮ್ಮ ಝೆನೋಪಸ್ ಲೇವಿಸ್‌ನ ಜೀನೋಮ್ ಎರಡು ಪೂರ್ವಜ ಜಾತಿಗಳಿಂದ ಕೂಡಿ ಬಂದದ್ದು. ಅದರ ಅನೇಕ ಜೀನ್‌ಗಳು ಜೋಡಿಯಾಗಿವೆ. ಒಂದನ್ನು ಕೆಡಿಸಿದರೆ ಇನ್ನೊಂದು ಕೆಲಸ ಮುಂದುವರಿಸಿ ಭ್ರೂಣ ಚೆನ್ನಾಗಿಯೇ ಕಾಣಬಹುದು. ಹಾಗಾಗಿ ಜೀನ್ ಕತ್ತರಿಸಿ ಕೆಡಿಸುವ ಕ್ರಿಸ್ಪರ್ ಪ್ರಯೋಗಕ್ಕೆ ಎರಡನ್ನೂ ಒಟ್ಟಿಗೆ ಗುರಿ ಮಾಡಬೇಕು, ಇಲ್ಲವೇ ಅದರ ಚಿಕ್ಕ ಬಂಧು, ಈ ಗೊಂದಲವಿಲ್ಲದ ಟ್ರಾಪಿಕಾಲಿಸ್ ಕಪ್ಪೆಯನ್ನು ಆರಿಸಿಕೊಳ್ಳಬೇಕು. ಹೊಸಬರಿಗೆ ನಾನು ಹೇಳುವುದು ಎರಡನೆಯದನ್ನೇ.