ಪಂಚನಾಮೆಯಲ್ಲಿ ಬರೆಯದ ಚಕ್ಕುಬಂದಿ

ಕೊಲೆಯಾದ ಜಾಗಕ್ಕೆ ಹೋದರೆ, ಪಂಚರೆಂಬ ಸಾಕ್ಷಿಗಳ ಎದುರು ಬರೆಯುವ ಪಂಚನಾಮೆಯಲ್ಲಿ ಚಕ್ಕುಬಂದಿ, ಅಂದರೆ ಜಾಗದ ಸುತ್ತಲಿನ ಗಡಿ, ಬರೆಯಲೇಬೇಕು. ಪೂರ್ವಕ್ಕೆ ಇಂಥವರ ಕಬ್ಬಿನ ಹೊಲ, ಪಶ್ಚಿಮಕ್ಕೆ ಬಂಡಿದಾರಿ, ಉತ್ತರಕ್ಕೆ ಭೀಮಾ ಹೊಳೆ. ವಿಜಯಪುರ ಜಿಲ್ಲೆಯ ಇಂಡಿ ಕಡೆ ಪಿಎಸ್‌ಐ ಆಗಿದ್ದಾಗ ಒಮ್ಮೆ ಹೀಗೇ ಬರೆಸುತ್ತಿದ್ದೆ. ಪಂಚನಾಗಿ ನಿಂತಿದ್ದ ಮುದುಕರೊಬ್ಬರು, ಟೇಪು ಹಿಡಿದಿದ್ದ ನಮ್ಮ ಪೇದೆಯನ್ನು ನೋಡುತ್ತ ಮೆಲ್ಲಗೆ ಅಂದರು: “ಆ ಬೇವಿನ ಗಿಡದ ತನಕ ಅವ್ರದ್ರೀ ಸಾಹೇಬ್ರ. ಈ ಕಡೆ ಉಸುಕು ಯಾರದಂತ ಇನ್ನಾ ಬಗೀಹರದಿಲ್ರಿ.”

ಅವರು ಹೇಳಿದ್ದು ಹೊಲದ ಬದುವಿನ ಮಾತಲ್ಲ, ಹೊಳೆಯ ಉಸುಕು (ಮರಳು) ತುಂಬಲು ಯಾವ ಗ್ಯಾಂಗಿನ ಟಿಪ್ಪರ್ ಎಲ್ಲಿಯತನಕ ಇಳಿಯಬೇಕು ಎಂಬುದು. ಹೆಣ ಬಿದ್ದದ್ದು ಗಿಡದ ಈ ಕಡೆ.

ಗ್ಯಾಂಗಿನ ಬಿಗಿ ಹಿಡಿತ ಇರುವ ಊರಲ್ಲೇ ಕೊಲೆ ಹೆಚ್ಚು ಅಂತ ಜನ ತಿಳಿದಿದ್ದಾರೆ. ನಾನು ಕಂಡದ್ದು ಉಲ್ಟಾ. ಅಂಥ ಊರಿಗೆ ಹೊಸ ಮುಖ ಕಾಲಿಟ್ಟರೆ ಚಹಾದಂಗಡಿ ದಾಟುವುದರೊಳಗೆ ಸುದ್ದಿ ಮುಟ್ಟುತ್ತದೆ. ವೈರಿ ಅಲ್ಲಿಗೆ ಬರುವುದಿಲ್ಲ, ಒಳಗಿನವರು ಉಸಿರೆತ್ತುವುದಿಲ್ಲ. ರಕ್ತ ಬೀಳುವುದು ಇಬ್ಬರ ಏರಿಯಾ ತಾಗುವ ಕಡೆ. ಅಮೆರಿಕದ ಲಾಸ್ ಏಂಜಲೀಸ್‌ನ ಹಾಲನ್‌ಬೆಕ್ ಪೊಲೀಸ್ ವಲಯದಲ್ಲಿ ಗ್ಯಾಂಗುಗಳ ನಡುವಿನ ಗುಂಡಿನ ದಾಳಿಗಳನ್ನು ಸಂಶೋಧಕರು ನಕಾಶೆಯ ಮೇಲೆ ಗುರುತಿಸಿ 2012ರಲ್ಲಿ ಪ್ರಕಟಿಸಿದ್ದಾರೆ. ಅಲ್ಲೂ ದಾಳಿಗಳು ಗುಂಪುಗೂಡಿದ್ದು ಎರಡು ಗ್ಯಾಂಗುಗಳ ಗಡಿಗುಂಟ. ಇನ್ನು ಬ್ರೆಜಿಲ್‌ನ ಸಾವೊ ಪಾಲೊದಲ್ಲಿ 2000ದ ನಂತರ ಕೊಲೆಗಳು ಬಹಳ ಇಳಿದವು. ಪಿಸಿಸಿ ಎಂಬ ಒಂದೇ ಅಪರಾಧಿ ಕೂಟ ಇಡೀ ದಂಧೆ ಹಿಡಿದದ್ದೂ ಅದಕ್ಕೊಂದು ಕಾರಣ ಎನ್ನುವ ಪಂಡಿತರಿದ್ದಾರೆ. ಅಲ್ಲಿನ ಪೊಲೀಸರು ಒಪ್ಪಲಿಕ್ಕಿಲ್ಲ. ನಾನಾಗಿದ್ದರೂ ಒಪ್ಪುತ್ತಿರಲಿಲ್ಲ ಬಿಡಿ. ಆದರೆ ವರ್ಷವಿಡೀ ಒಂದೂ ಕೊಲೆ ದಾಖಲಾಗದ ಹೋಬಳಿ ಕಂಡರೆ ನನಗೆ ಈಗಲೂ ಗುಮಾನಿಯೇ.

ನಮ್ಮ ಭೀಮಾ ತೀರದಲ್ಲಿ ಇನ್ನೊಂದು ಪೇಚಿದೆ. ಇಲ್ಲಿನ ಜಿದ್ದು ಹೊಳೆ ದಂಡೆಗೇ ನಿಲ್ಲುವುದಿಲ್ಲ. ಊರಲ್ಲಿ ಸುತ್ತ ಆಳು ಇಟ್ಟುಕೊಂಡವನೂ ತಾರೀಖಿಗೆ ಕೋರ್ಟಿಗೆ ಬರಲೇಬೇಕು. ಬರುವ ದಿನ, ಹೊತ್ತು, ಬಾಗಿಲು ಎಲ್ಲರಿಗೂ ಗೊತ್ತು. 2017ರ ಆಗಸ್ಟ್‌ನಲ್ಲಿ ವಿಜಯಪುರದ ಕೋರ್ಟ್ ಆವರಣದಲ್ಲೇ ಗುಂಡು ಹಾರಿತು. 2020ರ ನವೆಂಬರ್‌ನಲ್ಲಿ ವಿಜಯಪುರದ ಹತ್ತಿರ ನಡುರಸ್ತೆಯಲ್ಲಿ ಕಾರಿಗೆ ಟಿಪ್ಪರ್ ಗುದ್ದಿಸಿ ಗುಂಡು ಹಾರಿಸಿದರು. ಎರಡೂ ಜಾಗ ಯಾರ ಏರಿಯಾವೂ ಅಲ್ಲ, ಅಲ್ಲಿ ಯಾರ ಕಾವಲೂ ಇಲ್ಲ. ಸಿಟಿಯ ಠಾಣೆಯಲ್ಲಿ ದಾಖಲಾದ ಕೇಸಿನ ಬೇರು ಚಡಚಣದ ಕಡೆ ಇರಬಹುದು. ನಕಾಶೆಯಲ್ಲಿ ಚುಕ್ಕೆ ಮಾತ್ರ ಸಿಟಿಯ ಮೇಲೆ ಕೂರುತ್ತದೆ. ಆ ಚುಕ್ಕೆ ನೋಡಿ ಬೀಟ್ ಹೆಚ್ಚಿಸಿದರೆ ಏನು ಬಂತು?

ಹೊಳೆ ಕೆಲವು ಕಡೆ ಸೊಲ್ಲಾಪುರ ಜಿಲ್ಲೆಗೂ ನಮಗೂ ಗಡಿ. ಕೆಲಸ ಮುಗಿಸಿ ಹೊಳೆ ದಾಟಿದವನನ್ನು ತರಲು ಮಹಾರಾಷ್ಟ್ರದ ಠಾಣೆಗೆ ಮೊದಲು ತಿಳಿಸಬೇಕು. ಈ ಲೆಕ್ಕ ಹಂತಕರಿಗೂ ಗೊತ್ತು.

ಎಲ್ಲಕ್ಕಿಂತ ಕೆಟ್ಟ ಕಾಲ ಯಾವುದು ಗೊತ್ತೇ? ದೊಡ್ಡವನೊಬ್ಬ ಜೈಲಿಗೆ ಹೋದ ಮೇಲಿನ ತಿಂಗಳುಗಳು. ನಾವು ಬೆನ್ನು ತಟ್ಟಿಕೊಳ್ಳುತ್ತಿರುತ್ತೇವೆ, ಅತ್ತ ಬೇವಿನ ಗಿಡದ ಲೆಕ್ಕ ಹೊಸದಾಗಿ ಶುರುವಾಗಿರುತ್ತದೆ. ಹಪ್ತಾ ಯಾರಿಗೆ ಕೊಡಬೇಕು ಅಂತ ಟಿಪ್ಪರ್ ಮಾಲೀಕರಿಗೇ ತಿಳಿಯದ ದಿನಗಳವು. ಠಾಣೆ ಎಚ್ಚರ ಇರಬೇಕಾದ್ದು ಆಗ.

2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯ 111ನೇ ಕಲಂ ಸಂಘಟಿತ ಅಪರಾಧಕ್ಕೆಂದೇ ಇದೆ. ಸುಪಾರಿ ಕೊಲೆ, ಸುಲಿಗೆ, ಭೂಕಬಳಿಕೆ ಅದರಡಿ ಬರುತ್ತವೆ. ಸಾವು ಸಂಭವಿಸಿದ್ದರೆ ಗಲ್ಲು ಇಲ್ಲವೇ ಜೀವಾವಧಿ, ಜೊತೆಗೆ ಕನಿಷ್ಠ 10 ಲಕ್ಷ ದಂಡ. ಸಂಘಟಿತ ಅಪರಾಧ ತಡೆಯಲೆಂದೇ ಮಾಡಿದ ರಾಜ್ಯದ ಕೋಕಾ ಕಾಯ್ದೆ ಅದಕ್ಕೂ ಬಹಳ ಮೊದಲಿನಿಂದಲೇ ಇದೆ. ಆದರೆ ಗುಂಪು ಇತ್ತು, ದಂಧೆ ನಡೆದೇ ಇತ್ತು ಅಂತ ಕೋರ್ಟಿಗೆ ತೋರಿಸಬೇಕು. ಅದಕ್ಕೆ ಬೇಕಾದ ಕಾಗದವನ್ನು ನಾವು ಮೊದಲ ದಿನವೇ ಬರೆದಿರುವುದಿಲ್ಲ. ಆ ದಿನ ನಾನೂ ಬರೆಯಲಿಲ್ಲ. ಮುದುಕರ ಹೆಬ್ಬೆಟ್ಟು ತೆಗೆದುಕೊಂಡೆ, ಉತ್ತರಕ್ಕೆ ಭೀಮಾ ಹೊಳೆ ಅಂತ ಬರೆಸಿದೆ, ಜೀಪು ಹತ್ತಿದೆ.