ಮಗ ಅಪ್ಪನ ಒಂದು ಬಗೆಯಲ್ಲ

ಮೈಸೂರಿನ ಕಾಲೇಜೊಂದರಲ್ಲಿ ಮೊದಲ ಸಲ ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯುವವರಿಗೆ ಪಾಠ ಮಾಡುತ್ತೇನೆ. ಇನ್‌ಹೆರಿಟೆನ್ಸ್ ಎಂದರೇನು ಎಂದು ಕೇಳಿದರೆ ಇಡೀ ತರಗತಿ ಒಂದೇ ಉಸಿರಿಗೆ ಹೇಳುತ್ತದೆ: ಅಪ್ಪನ ಆಸ್ತಿ ಮಗನಿಗೆ ಬರುವುದು. ಫಾದರ್ ಎಂಬ ಕ್ಲಾಸಿಗೆ (ಕ್ಲಾಸೆಂದರೆ ಒಂದು ಬಗೆಯ ವಸ್ತುಗಳ ನಮೂನೆ) ಒಂದು ಮನೆ, ಎರಡೆಕರೆ ಗದ್ದೆ. ಅದನ್ನು ಎಕ್ಸ್‌ಟೆಂಡ್ ಮಾಡುವ, ಅಂದರೆ ವಿಸ್ತರಿಸುವ, ಸನ್ ಎಂಬ ಕ್ಲಾಸು. ಉತ್ತರಪತ್ರಿಕೆಯಲ್ಲಿ ಒಬ್ಬಳು 'ನೂಲಿನಂತೆ ಸೀರೆ, ತಾಯಿಯಂತೆ ಮಗಳು' ಎಂದೂ ಬರೆದಿದ್ದಳು. ಗಾದೆ ಚೆನ್ನಾಗಿದೆ, ಪ್ರೋಗ್ರಾಮು ಕೆಟ್ಟಿತು.

ನಂಜನಗೂಡು ರಸಬಾಳೆಯನ್ನೇ ನೋಡಿ. ತಾಯಿಗಿಡದ ಬುಡದಲ್ಲಿ ಕಂದು ಏಳುತ್ತದೆ. ಅದು ಹುಟ್ಟಿನ ನಂಟು. ರಸಬಾಳೆ ಒಂದು ಬಗೆಯ ಬಾಳೆ. ಇದು ಬೇರೆಯೇ ನಂಟು. 'ಬಾಳೆಹಣ್ಣು ತಗೊಂಡು ಬಾ' ಎಂದು ಕಳಿಸಿದಾಗ ರಸಬಾಳೆ ತಂದರೆ ಮನೆಯಲ್ಲಿ ಯಾರೂ ಬೈಯುವುದಿಲ್ಲ. 'ಅಪ್ಪನನ್ನು ಕರ್ಕೊಂಡು ಬಾ' ಎಂದ ಮೇಷ್ಟ್ರ ಮುಂದೆ ಅಪ್ಪನ ಬದಲು ಅಣ್ಣನನ್ನು ನಿಲ್ಲಿಸಿ ನೋಡಿ! ಇನ್‌ಹೆರಿಟೆನ್ಸ್ ಎನ್ನುವುದು ಈ ಎರಡನೇ ನಂಟು, 'ಒಂದು ಬಗೆಯ' ಎನ್ನುವ ನಂಟು. ಗದ್ದೆಯಂತೂ ಕೈ ಬದಲಾಗುವುದೇ ಇಲ್ಲ: ಕ್ಲಾಸಿನಿಂದ ಇಳಿದು ಬರುವುದು 'ಗದ್ದೆ' ಎಂಬ ಖಾಲಿ ಕಾಲಂ ಮಾತ್ರ, ಅಪ್ಪನ ಎರಡೆಕರೆ ಅಪ್ಪನ ಹತ್ತಿರವೇ ಉಳಿಯುತ್ತದೆ. ಜಾವಾದಲ್ಲಿ 'ಇನ್‌ಹೆರಿಟ್' ಎಂಬ ಕೀವರ್ಡೇ ಇಲ್ಲ, ಇರುವುದು 'ಎಕ್ಸ್‌ಟೆಂಡ್ಸ್'.

ಈ ಕಲ್ಪನೆ ಮೊಳೆತದ್ದು ಒಂದು ಟೋಲ್ ಗೇಟಿನಲ್ಲಿ. ಅದೂ ಕಾಗದದ ಮೇಲಿನ ಟೋಲ್ ಗೇಟು! ನಾರ್ವೆಯ ರಾಜಧಾನಿ ಓಸ್ಲೋದಲ್ಲಿ ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನಿಗಾರ್ಡ್ ಸಿಮುಲಾ ಎಂಬ ಭಾಷೆ ಕಟ್ಟುತ್ತಿದ್ದರು. ಸರತಿ ಎಷ್ಟು ಉದ್ದ ಬೆಳೆಯುತ್ತದೆ, ಯಾರು ಎಷ್ಟು ಹೊತ್ತು ಕಾಯುತ್ತಾರೆ ಎಂಬಂಥ ಲೆಕ್ಕಗಳಿಗೆಂದೇ ಹುಟ್ಟಿದ ಭಾಷೆ ಅದು. 1966ರಲ್ಲಿ ಅವರ ತಲೆ ತಿಂದದ್ದು ಸೇತುವೆಯೊಂದರ ಟೋಲ್ ಕಟ್ಟೆಯ ಮುಂದೆ ನಿಂತ ಲಾರಿ, ಬಸ್ಸು, ಕಾರುಗಳ ಸಾಲು. ನಮ್ಮ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಗಣಂಗೂರು ಟೋಲನ್ನೇ ಕಣ್ಮುಂದೆ ತಂದುಕೊಳ್ಳಿ. ಸಾಲಿಗೆ ಬೇಕಾದದ್ದು ಮುಂದೆ ಯಾರು, ಹಿಂದೆ ಯಾರು ಎಂಬುದಷ್ಟೇ. ಲಾರಿಯಲ್ಲಿ ಎಷ್ಟು ಟನ್ ಇದೆ, ಬಸ್ಸಿನಲ್ಲಿ ಎಷ್ಟು ಸೀಟಿದೆ ಎಂಬುದು ಅದಕ್ಕೆ ಬೇಡ. ಲೋಡು ಇಳಿಸುವವನಿಗೆ ಟನ್ನೇ ಮುಖ್ಯ. ಒಂದೇ ವಸ್ತು ಒಮ್ಮೆ ಲಾರಿ, ಇನ್ನೊಮ್ಮೆ ಬರೀ ವಾಹನ.

ಅವರು ಕಂಡುಕೊಂಡ ಉಪಾಯ ಈಗಲೂ ನನ್ನನ್ನು ಕುಣಿಸುತ್ತದೆ. ಎಲ್ಲರಿಗೂ ಸಮಾನವಾದ ಭಾಗವನ್ನು ಮುಂದೆ ಅಂಟಿಸಿದರು, ಹೆಸರು ಪ್ರಿಫಿಕ್ಸ್. 1967ರ ಸಿಮುಲಾದಲ್ಲಿ 'ವಾಹನ ಕ್ಲಾಸ್ ಲಾರಿ' ಎಂಬ ಕ್ರಮದಲ್ಲೇ ಬರೆಯಬೇಕು, ನಮ್ಮ ಸಮಾಸಪದದ ಪೂರ್ವಪದದ ಹಾಗೆ. ಮೆಮೊರಿಯಲ್ಲೂ ಹಾಗೆಯೇ: ಮೊದಲು ವಾಹನದ ಭಾಗ, ಅದರ ಬಾಲಕ್ಕೆ ಲಾರಿಯದು. ತಾಲ್ಲೂಕು ಕಚೇರಿಯ ಅರ್ಜಿ ಎಂದುಕೊಳ್ಳಿ. ಮೊದಲ ಪುಟ ಎಲ್ಲರಿಗೂ ಒಂದೇ, ಲಗತ್ತುಗಳು ಅವರವರವು. ಮೊದಲ ಪುಟ ಮಾತ್ರ ಓದಲು ಬರುವ ಗುಮಾಸ್ತನೂ ಯಾರ ಅರ್ಜಿಯನ್ನಾದರೂ ಸರಿಯಾದ ಕಡತಕ್ಕೆ ಸೇರಿಸಬಲ್ಲ. ರೈಲು ಎಂದುಕೊಂಡರೂ ಸರಿ: ಹಿಂದೆ ಎಷ್ಟು ಬೋಗಿ ಸೇರಿಸಿದರೂ ಎಂಜಿನ್ ನಿಲ್ಲುವ ಜಾಗ ಬದಲಾಗುವುದಿಲ್ಲ.

ಇನ್ನು ಸುಂಕ. ಕಟ್ಟೆಯವನು 'ಕಾರಾದರೆ ಇಷ್ಟು, ಬಸ್ಸಾದರೆ ಅಷ್ಟು' ಎಂದು ಪಟ್ಟಿ ಹಿಡಿದು ಕೂರಬೇಕಿಲ್ಲ. 'ನಿನ್ನ ಸುಂಕ ಎಷ್ಟು?' ಎಂದು ಎಲ್ಲರನ್ನೂ ಒಂದೇ ಮಾತಿನಲ್ಲಿ ಕೇಳುತ್ತಾನೆ. ಬಂದವರು ತಮ್ಮ ತಮ್ಮ ಕ್ಲಾಸಿನ ಲೆಕ್ಕದಂತೆ ಉತ್ತರ ಕೊಡುತ್ತಾರೆ. ಪಾಲಿಮಾರ್ಫಿಸಂ ಎಂದು ಹೆದರಿಸುವುದು ಇದನ್ನೇ. (ಡಾಲ್, ನಿಗಾರ್ಡ್ ಇಬ್ಬರಿಗೂ ಕಂಪ್ಯೂಟರ್ ವಿಜ್ಞಾನದ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ 2001ರ ಸಾಲಿಗೆ ಬಂತು. 2002ರಲ್ಲಿ ಇಬ್ಬರೂ ತೀರಿಕೊಂಡರು.)

ಇಷ್ಟು ಹೇಳಿ, 'ನಾಳೆ ಕಬ್ಬಿನ ಟ್ರ್ಯಾಕ್ಟರ್ ಬಂದರೂ ಕಟ್ಟೆಯ ಕೋಡ್ ಮುಟ್ಟಬೇಕಿಲ್ಲ' ಎಂದೆ. ಹಿಂದಿನ ಬೆಂಚಿನಿಂದ ಮಂಡ್ಯ ಕಡೆಯ ಹುಡುಗ ಎದ್ದ. 'ಸಾ, ಎಕ್ಸ್‌ಪ್ರೆಸ್‌ವೇಲಿ ಟ್ರ್ಯಾಕ್ಟರೇ ಬುಡಲ್ಲ.'

ತರಗತಿ ನಕ್ಕಿತು. ಅವನ ಮಾತು ನಿಜ. 2023ರ ಆಗಸ್ಟ್ 1ರಿಂದ ಮುಖ್ಯ ರಸ್ತೆಗೆ ಬೈಕು, ಆಟೋ, ಟ್ರ್ಯಾಕ್ಟರ್ ಬರುವ ಹಾಗಿಲ್ಲ. ಅವನು ಎತ್ತಿದ್ದು ಕಂಪ್ಯೂಟರ್ ವಿಜ್ಞಾನಿ ಬಾರ್ಬರಾ ಲಿಸ್ಕೋವ್ 1987ರ ಭಾಷಣದಲ್ಲಿ ಎತ್ತಿದ ಪ್ರಶ್ನೆಗೆ ಹತ್ತಿರದ್ದೇ: ಮೇಲಿನ ಕ್ಲಾಸು ಕೊಟ್ಟ ಮಾತನ್ನು ಕೆಳಗಿನ ಕ್ಲಾಸು ಉಳಿಸಿಕೊಳ್ಳಲಾಗದಿದ್ದರೆ ಅದನ್ನು ಆ ಬಗೆಯದೆಂದು ಕರೆಯಬಹುದೇ? ಸುಂಕ ಕೇಳಿದರೆ ಟ್ರ್ಯಾಕ್ಟರ್ ಏನು ಹೇಳಬೇಕು? ಸೊನ್ನೆ ಎಂದರೆ ಸುಳ್ಳು, ಪುಕ್ಕಟೆ ಹೋಗಬಹುದು ಎಂದಾಗುತ್ತದೆ. ಎರರ್ ಎಸೆದರೆ ಕಟ್ಟೆಯೇ ಬಂದ್.

ಮುಂದಿನ ಲ್ಯಾಬಿನಲ್ಲಿ ಅವನೇ ಬಿಡಿಸಿಕೊಂಡು ಬಂದ. ವಾಹನದಿಂದ ಸುಂಕವನ್ನು ಕಿತ್ತು, ನಡುವೆ 'ಟೋಲ್‌ವಾಹನ' ಎಂಬ ಕ್ಲಾಸು ಕೂರಿಸಿ, ಸಾಲಿನಲ್ಲಿ ಅಂಥವಕ್ಕೆ ಮಾತ್ರ ಜಾಗ ಇಟ್ಟಿದ್ದ. ಕಾರು, ಬಸ್ಸು, ಲಾರಿ ಅದರ ಕೆಳಗೆ. ಟ್ರ್ಯಾಕ್ಟರ್ ನೇರವಾಗಿ ವಾಹನದ ಕೆಳಗೆ. ಟ್ರ್ಯಾಕ್ಟರನ್ನು ಸಾಲಿಗೆ ಸೇರಿಸುವ ಒಂದು ಗೆರೆ ಬರೆದು ನನ್ನ ಮುಂದೆಯೇ ಕಂಪೈಲ್ ಮಾಡಿದ, ಅಂದರೆ ಓಡಿಸುವ ಮೊದಲೇ ಕೋಡನ್ನು ತಪಾಸಣೆಗೆ ಕೊಟ್ಟ. ಕೆಂಪಕ್ಷರದಲ್ಲಿ ಎರರ್ ಬಂತು.

'ನೋಡಿ ಸಾ, ಗೇಟ್ ತಕ್ಕೂ ಬಂದು ವಾಪಸ್ ಓಗಂಗಿಲ್ಲ' ಎಂದ.